ಮಾರ್ಕ್ಸ್ ಇಳೀತಾ ಇದೆ, ಮಗಳ ಸ್ವಿಮ್ಮಿಂಗ್ ನಿಲ್ಲಿಸ್ಬೇಕಾ?

ಈಜುಹುಡುಗಿ ಅಮ್ಮ:
ಎಲ್ರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, 13 ತುಂಬಿದೆ. ಚಿಕ್ಕೋಳಿದ್ದಾಗ ನೀರು ಅಂದ್ರೆ ಇಷ್ಟ ಅಂತ ಸೇರ್ಸಿದ್ದು, ಈಗ ಕಾಂಪಿಟೇಶನ್ ಬ್ಯಾಚಲ್ಲಿದಾಳೆ. ಬೆಳಗ್ಗೆ ಐದಕ್ಕೆ ಪೂಲು, ಅಲ್ಲಿಂದ ನೇರ ಸ್ಕೂಲು, ಸಂಜೆ ಮತ್ತೆ ಪೂಲು, ಮನೆಗೆ ಬಂದು ಊಟ ಮಾಡಿ ಪುಸ್ತಕ ತೆಗೆಯೋ ಹೊತ್ತಿಗೆ ಕಣ್ಣು ಎಳೀತಿರತ್ತೆ. ಹೋದ ವರ್ಷದವರೆಗೂ ಹೇಗೋ ನಡೀತಿತ್ತು, ಈ ಸಲ ಗಣಿತ ಮತ್ತೆ ಸೈನ್ಸ್ ಎರಡರಲ್ಲೂ ದಬಕ್ಕನೆ ಬಿದ್ದಿದೆ. ಮನೆಯವರು ವಾರ್ಷಿಕ ಪರೀಕ್ಷೆ ಮುಗಿಯೋವರೆಗೂ ಪೂಲ್ ಬಂದ್ ಅಂತಿದಾರೆ. ಕೋಚ್ ನೋಡಿದ್ರೆ ಇನ್ನೊಂದು ಬೆಳಗಿನ ಸೆಷನ್ ಸೇರ್ಸೋಣ, ಟೈಮಿಂಗ್ ಚೆನ್ನಾಗಿ ಬರ್ತಿದೆ ಅಂತಾರೆ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅನ್ನೋ ಹಾಗಾಗಿದೆ ನಮ್ಮನೆ ಕಥೆ. ಅವಳನ್ನ ಕೇಳಿದ್ರೆ ಅಳು. ಇದನ್ನ ದಾಟಿ ಬಂದಿರೋರು ಯಾರಾದ್ರೂ ಇದ್ರೆ ಹೇಳಿ, ದಯವಿಟ್ಟು ಟೈಮ್ ಟೇಬಲ್ ಹಾಕಿ ಅಂತ ಮಾತ್ರ ಹೇಳ್ಬೇಡಿ, ಗೋಡೆ ತುಂಬಾ ಅದೇ ಇದೆ.

ಟೆನಿಸ್ ಅಪ್ಪ:
ಮೇಡಂ ನಮ್ಮನೇಲಿ ರೂಲ್ ಸಿಂಪಲ್. ಮಾರ್ಕ್ಸ್ ಇಳೀತಾ, ರ‍್ಯಾಕೆಟ್ ಬೀರು ಒಳಗೆ. ಮಗ ಎರಡು ಸಲ ಅತ್ತ, ಮೂರನೇ ಸಲ ಓದ್ಕೊಂಡ. ಮಕ್ಕಳಿಗೆ ಏನೋ ಒಂದು ಕಳ್ಕೊಳ್ಳೋ ಭಯ ಇಲ್ದೆ ಹೋದ್ರೆ ಯಾವತ್ತೂ ಸೀರಿಯಸ್ ಆಗಲ್ಲ. ನಿಮ್ಮ ಯಜಮಾನರು ಹೇಳ್ತಿರೋದು ಸರಿಯಾಗೇ ಇದೆ. ಸಾವಿರ ಮಕ್ಕಳು ಈಜ್ತಾರೆ, ಎಷ್ಟು ಜನ ಅದ್ರಲ್ಲೇ ಜೀವನ ಮಾಡ್ತಾರೆ ಹೇಳಿ.

ಗಣಿತ ಮೇಷ್ಟ್ರು:
ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ, ಆಟ ಆಡೋ ಮಕ್ಕಳು ಪ್ರತಿ ವರ್ಷ ಕ್ಲಾಸಲ್ಲಿ ಇದ್ದೇ ಇರ್ತಾರೆ. ಟೆನಿಸ್ ಅಪ್ಪ ಹೇಳಿದ ರೂಲು ಹೊಸದೇನಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1984ರಲ್ಲಿ ಇದನ್ನ ಕಾನೂನೇ ಮಾಡಿದ್ರು, "ಪಾಸಾಗ್ದಿದ್ರೆ ಆಟ ಇಲ್ಲ" ಅಂತ. ಯಾವುದೇ ಒಂದು ಸಬ್ಜೆಕ್ಟಲ್ಲಿ 70ಕ್ಕಿಂತ ಕಡಿಮೆ ಬಂದ್ರೆ 6 ವಾರ ಮ್ಯಾಚ್ ಆಡಂಗಿಲ್ಲ. ದೊಡ್ಡ ಗಲಾಟೆ ಆಯ್ತು, ಕೋರ್ಟಿಗೂ ಹೋಯ್ತು. ಆಮೇಲೆ 1995ರಲ್ಲಿ ಆ 6 ವಾರಾನ 3 ವಾರಕ್ಕೆ ಇಳಿಸಿದ್ರು. ಅಂದ್ರೆ ಭಯ ಹಾಕೋಕೆ ಅಂತ ಕಾನೂನು ಮಾಡಿದವರೂ ಕೊನೆಗೆ, ಮಗು ಬೇಗ ವಾಪಸ್ ಬರೋ ದಾರಿ ಇಟ್ಟಿರ್ಬೇಕು ಅನ್ನೋ ಕಡೆಗೆ ಬಂದ್ರು. "ಪರೀಕ್ಷೆ ಮುಗಿಯೋವರೆಗೂ ಬಂದ್" ಅನ್ನೋದ್ರಲ್ಲಿ ಆ ದಾರೀನೇ ಇಲ್ಲ ನೋಡಿ.

ಆದ್ರೆ ಮೇಡಂ, ಅದಕ್ಕಿಂತ ಮೊದ್ಲು ಒಂದು ಕೆಲಸ ಮಾಡಿ. ಟೋಟಲ್ ಬಿಟ್ಟಾಕಿ, ಉತ್ತರಪತ್ರಿಕೆ ತಗೊಂಡು ಕೂತ್ಕೊಳ್ಳಿ, ಮಾರ್ಕ್ಸ್ ಎಲ್ಲೆಲ್ಲಿ ಹೋಗಿದೆ ನೋಡಿ. ಒಂದೇ ಚಾಪ್ಟರಲ್ಲಿ ಪೂರ್ತಿ ಹೋಗಿದ್ರೆ ಅವಳು ಆ ವಾರ ಯಾವುದೋ ಈಜು ಸ್ಪರ್ಧೆಗೆ, ಅಂದ್ರೆ ಮೀಟ್‌ಗೆ ಹೋಗಿ ಕ್ಲಾಸ್ ತಪ್ಪಿಸ್ಕೊಂಡಿರ್ತಾಳೆ, ಗಣಿತ ಸೈನ್ಸಲ್ಲಿ ಹೀಗೇ ಆಗೋದು, ಬೀಜಗಣಿತ ಶುರು ಆದ ಎರಡು ದಿನ ಇಲ್ದಿದ್ರೆ ಮುಂದಿನ ಎರಡು ತಿಂಗಳು ಗ್ರೀಕು. ಸಮಾಜ ಸಬ್ಜೆಕ್ಟಲ್ಲಿ ಪಾಠ ತಪ್ಪಿದ್ರೆ ಓದ್ಕೊಂಡು ತುಂಬಿಸ್ಬಹುದು, ಇಲ್ಲಿ ಆಗಲ್ಲ. ಹಾಗಲ್ದೆ ಎಲ್ಲಾ ಕಡೆ ಚಿಲ್ಲರೆ ಚಿಲ್ಲರೆ ಹೋಗಿದ್ರೆ, ಮೈನಸ್ ಬಿಟ್ಟಿರೋದು, 6ನ 9 ಅಂತ ಬರ್ಕೊಂಡಿರೋದು, ಪ್ರಶ್ನೆ ಅರ್ಧ ಓದಿರೋದು, ಅದು ಸುಸ್ತು. ಮೂರನೇದು, ಕೊನೇ ಪುಟಗಳು ಖಾಲಿ. ಅದು ಅಭ್ಯಾಸ ಸಾಲದೆ ಬರೆಯೋ ಸ್ಪೀಡ್ ಇಲ್ದೆ ಇರೋದು. ಮೂರಕ್ಕೂ ಮದ್ದು ಬೇರೆ ಬೇರೆ, ಮೂರಕ್ಕೂ "ಪೂಲ್ ಬಂದ್" ಒಂದೇ ಮದ್ದು ಅಂದ್ರೆ ಹೇಗೆ?

ಇನ್ನೊಂದು ನಾನು ನೋಡಿರೋದು: ಆಟ ನಿಲ್ಲಿಸಿದ ಮಕ್ಕಳು ಆ ಸಮಯಾನ ಓದಿಗೆ ಹಾಕ್ತಾರೆ ಅನ್ನೋದು ದೊಡ್ಡೋರ ಲೆಕ್ಕ. ಬಹಳಷ್ಟು ಸಲ ಅದು ಮೊಬೈಲಿಗೆ ಹೋಗತ್ತೆ, ಜೊತೆಗೆ ಮುಖಾನೂ ಸಪ್ಪಗಾಗತ್ತೆ.

ಫಿಸಿಯೋ ಅಕ್ಕ:
ಮೇಷ್ಟ್ರು ಹೇಳಿದ ಎರಡನೇದು, ಸುಸ್ತು, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಉದ್ದ ಆಗತ್ತೆ ಬೈಕೋಬೇಡಿ.

ನಿದ್ರೆಯ ಡಾಕ್ಟರ್‌ಗಳ ಸಲಹೆ 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ಕ್ಕೆ 8ರಿಂದ 10 ಗಂಟೆ. ಈಗ ಲೆಕ್ಕ ಹಾಕಿ. ಐದಕ್ಕೆ ನೀರಲ್ಲಿರ್ಬೇಕು ಅಂದ್ರೆ ನಾಲ್ಕೂಕಾಲಿಗಾದ್ರೂ ಏಳ್ಬೇಕು. ಕನಿಷ್ಠ 8 ಗಂಟೆ ಬೇಕು ಅಂದ್ರೆ ರಾತ್ರಿ ಎಂಟೂಕಾಲಿಗೆ ನಿದ್ದೆ ಹೋಗಿರ್ಬೇಕು, ಆ ಹೊತ್ತಿಗೆ ಸಂಜೆ ಸೆಷನ್ ಮುಗ್ಸಿ ಬಂದು ತಲೆ ಒರೆಸ್ಕೊಳ್ತಿರ್ತಾಳೆ. ಇಷ್ಟು ಸಾಲ್ದು ಅಂತ ಹರೆಯದಲ್ಲಿ ದೇಹದ ಗಡಿಯಾರಾನೇ ಹಿಂದಕ್ಕೆ ಸರಿಯತ್ತೆ, ನಿದ್ದೆ ಬರ್ಸೋ ಮೆಲಟೋನಿನ್ ರಾತ್ರಿ ತಡವಾಗಿ ಏರತ್ತೆ. ಬೇಗ ಮಲಕ್ಕೋ ಅಂತ ಗದರಿದ್ರೂ ನಿದ್ದೆ ಬರಲ್ಲ, ಸೋಮಾರಿತನ ಅಲ್ಲ ಅದು. ಇದೇ ಕಾರಣಕ್ಕೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಈ ವಯಸ್ಸಿನ ಮಕ್ಕಳ ಸ್ಕೂಲು ಬೆಳಗ್ಗೆ 8:30ಕ್ಕಿಂತ ಮುಂಚೆ ಶುರು ಮಾಡ್ಬೇಡಿ ಅಂತ ಹೇಳ್ತು. ನಾವು ಅವರನ್ನ ಐದಕ್ಕೆ ನೀರಿಗೆ ಇಳಿಸ್ತಿದೀವಿ.

ಹಗಲು ಕಲಿತದ್ದು ಗಟ್ಟಿಯಾಗೋದು ನಿದ್ದೇಲಿ, ಪ್ರಮೇಯ ಆಗ್ಲಿ, ಪೂಲ್ ಗೋಡೆ ಹತ್ರ ಪಲ್ಟಿ ಹೊಡೆದು ತಿರುಗೋ ಫ್ಲಿಪ್ ಟರ್ನ್ ಆಗ್ಲಿ. ಹಾಗಾಗಿ ನಿದ್ದೆ ಕಟ್ ಮಾಡಿ ಓದೋ ಮಗು ಎರಡು ಕಡೇನೂ ಕಳ್ಕೊಳ್ಳತ್ತೆ.

ಟ್ರೈನಿಂಗ್ ವಿಷಯಕ್ಕೂ ಒಂದು ಅಂದಾಜಿದೆ, ವಾರಕ್ಕೆ ಮಗು ವಯಸ್ಸೆಷ್ಟೋ ಅದಕ್ಕಿಂತ ಜಾಸ್ತಿ ಗಂಟೆ ಒಂದೇ ಆಟದ ಅಭ್ಯಾಸ ಬೇಡ, 13 ವರ್ಷಕ್ಕೆ 13 ಗಂಟೆ. ವಾರಕ್ಕೆ ಒಂದೆರಡು ದಿನ ಪೂರ್ತಿ ರಜ. ವರ್ಷದಲ್ಲಿ ಒಟ್ಟು ಎರಡು ಮೂರು ತಿಂಗಳು ಆ ಆಟದಿಂದ ದೂರ, ಒಟ್ಟಿಗೇ ಅಂತಿಲ್ಲ, ಬಿಡಿಬಿಡಿಯಾಗಿ ಆದ್ರೂ ಸರಿ. ಅದರ ಮೇಲೆ, ಹುಡುಗೀರಿಗೆ ಸುಮಾರು 12ಕ್ಕೆ, ಹುಡುಗರಿಗೆ ಸುಮಾರು 14ಕ್ಕೆ ಎತ್ತರ ಸರ್ರನೆ ಏರೋ ಕಾಲ, ಮೂಳೆ ಮುಂದೆ ಓಡತ್ತೆ ಸ್ನಾಯು ಹಿಂದೆ ಉಳಿಯತ್ತೆ. ಓಡೋ ನೆಗೆಯೋ ಮಕ್ಕಳು ಮಂಡಿ ಕೆಳಗೆ ನೋವು ಅಂತ ಬರೋದು ಇದೇ ಟೈಮಲ್ಲಿ, ಆಸ್‌ಗುಡ್ ಶ್ಲಾಟರ್ ಅಂತಾರೆ ಅದನ್ನ. ಈಜೋರಿಗೆ ಭುಜ. ನೋವನ್ನ ನೆಪ ಅಂತ ತಳ್ಳಿಹಾಕ್ಬೇಡಿ.

ಮೇಡಂ, ಇನ್ನೊಂದು ಕೇಳ್ಬೇಕು, ನಮ್ಮ ಜನ ಇದನ್ನ ಕೇಳೋಕೆ ಸಂಕೋಚ ಪಡ್ತಾರೆ. ಅವಳ ಮುಟ್ಟು ಸರಿಯಾಗಿ ಬರ್ತಿದ್ಯಾ? ಶುರುವಾಗಿ ಆಮೇಲೆ ತಿಂಗಳುಗಟ್ಟಲೆ ನಿಂತೋದ್ರೆ, ಖರ್ಚು ಮಾಡೋ ಶಕ್ತಿಯಷ್ಟು ಊಟ ಆಗ್ತಿಲ್ಲ ಅಂತ ದೇಹ ಹೇಳ್ತಿರಬಹುದು. ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿದೆ, ಹುಡುಗರಲ್ಲೂ ಆಗತ್ತೆ. ಗಮನ ಇಲ್ದಿರೋದು, ಸಿಡುಕು, ಓದಿದ್ದು ತಲೇಲಿ ನಿಲ್ದಿರೋದು ಎಲ್ಲಾ ಅದರ ಜೊತೆ ಬರೋದೇ. ಅನುಮಾನ ಇದ್ರೆ ಕಬ್ಬಿಣಾಂಶದ ರಕ್ತಪರೀಕ್ಷೆ ಬಗ್ಗೆ ಡಾಕ್ಟರನ್ನ ಕೇಳಿ, ಟ್ಯೂಷನ್‌ಗೆ ಸೇರ್ಸೋ ಮೊದ್ಲು.

ಈಜುಹುಡುಗಿ ಅಮ್ಮ:
ಅಕ್ಕ, ಮೇಷ್ಟ್ರೇ, ಇಬ್ರಿಗೂ ಥ್ಯಾಂಕ್ಸ್. ರಾತ್ರಿ ಉತ್ತರಪತ್ರಿಕೆ ತೆಗೆದು ಕೂತೆ. ಗಣಿತದಲ್ಲಿ ಎರಡೇ ಚಾಪ್ಟರ್, ಎರಡೂ ಮೀಟ್ ನಡೆದ ವಾರದ್ದು. ಸೈನ್ಸ್ ಮಾತ್ರ ಎಲ್ಲಾ ಕಡೆ ಚಿಲ್ಲರೆ, "ಉತ್ತರ ಗೊತ್ತಿತ್ತು ಅಮ್ಮ, ಪ್ರಶ್ನೇಲಿ 'ಅಲ್ಲ' ಅಂತ ಇದ್ದಿದ್ದು ಕಾಣ್ಲೇ ಇಲ್ಲ" ಅಂದ್ಲು. ಗಂಟೆ ಲೆಕ್ಕ ಹಾಕೋಕೆ ಹೋದ್ರೆ 13ನ ಎಲ್ಲೋ ದಾಟಿ ಹೋಗಿದೆ, ಕೋಚ್ ಹೇಳೋ ಇನ್ನೊಂದು ಸೆಷನ್ ಸೇರ್ಸಿದ್ರೆ ಮುಗೀತು. ಮನೆಯವರಿಗೆ ತೋರಿಸ್ದೆ, ಹೂಂ ಅಂದ್ರು, ಅಷ್ಟೆ. ಡಾಕ್ಟರ್ ಹತ್ರಾನೂ ಹೋಗಿ ಬರ್ತೀವಿ.

ಟೆನಿಸ್ ಅಪ್ಪ:
ಇಷ್ಟೆಲ್ಲಾ ಲೆಕ್ಕ ಹಾಕೋಕೆ ಯಾರಿಗಿದೆ ಟೈಮು ಸ್ವಾಮಿ. ಅನಿಲ್ ಕುಂಬ್ಳೆ ಮೆಕ್ಯಾನಿಕಲ್ ಇಂಜಿನಿಯರಿಂಗೂ ಮಾಡಿ 619 ಟೆಸ್ಟ್ ವಿಕೆಟ್ಟೂ ತೆಗೆದಿಲ್ವಾ? ಶ್ರೀನಾಥ್ ಇಂಜಿನಿಯರ್, ಅಶ್ವಿನ್ ಬಿಟೆಕ್. ಮನಸ್ಸಿದ್ರೆ ಎರಡೂ ಆಗತ್ತೆ. ಆಗಲ್ಲ ಅಂದ್ರೆ ಮನಸ್ಸಿಲ್ಲ ಅಂತ ಅರ್ಥ.

ಹಳೇ ಓಟಗಾರ:
ಅಂಕಲ್, ಆ ಲಿಸ್ಟಿಗೆ ನಾನೂ ಒಬ್ರನ್ನ ಸೇರಿಸ್ತೀನಿ, ಎರಿಕ್ ಹೈಡನ್. 1980ರ ಚಳಿಗಾಲದ ಒಲಿಂಪಿಕ್ಸಲ್ಲಿ ಸ್ಪೀಡ್ ಸ್ಕೇಟಿಂಗಿನ ಐದಕ್ಕೆ ಐದು ಚಿನ್ನ ಗೆದ್ದು ಆಮೇಲೆ ಮೂಳೆ ಡಾಕ್ಟರಾದ ಪುಣ್ಯಾತ್ಮ. ಆದ್ರೆ ಇವರೆಲ್ಲ ನಮ್ಮ ಕಣ್ಣಿಗೆ ಬೀಳೋದೇ ದಾಟಿದ್ದಕ್ಕೆ. ನನ್ನ ಜೊತೆ ಓಡ್ತಿದ್ದವರಲ್ಲಿ ಮನಸ್ಸಿಟ್ಟು ಎರಡೂ ಮಾಡಕ್ಕೋಗಿ ಎರಡನ್ನೂ ಬಿಟ್ಟೋರು ಇದಾರೆ, ಅವರ ಬಗ್ಗೆ ಯಾರು ಬರೀತಾರೆ.

ನಾನು 800 ಮೀಟರ್ ಓಡ್ತಿದ್ದೆ, ಈಗ ಡಿಗ್ರಿ ಕೊನೇ ವರ್ಷ. ನನಗೆ ಉಪಯೋಗಕ್ಕೆ ಬಂದಿದ್ದು ಹೇಳ್ತೀನಿ. ಟೈಮ್ ಕಡಿಮೆ ಇರೋರು ಮಾಡೋ ದೊಡ್ಡ ದಂಡ ಅಂದ್ರೆ ಮತ್ತೆ ಮತ್ತೆ ಓದೋದು, ಹೈಲೈಟರ್ ಎಳೆಯೋದು. ಪುಸ್ತಕ ಮುಚ್ಚಿ ನೆನಪಿಂದ ಹೇಳ್ಬೇಕು ಇಲ್ಲಾ ಖಾಲಿ ಹಾಳೆ ಮೇಲೆ ಬರೀಬೇಕು. ಇದಕ್ಕೆ 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕ್ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಮಾಡಿದ ಪ್ರಯೋಗ ಇದೆ, ಒಂದು ಗುಂಪು ಪಾಠ ಮತ್ತೆ ಮತ್ತೆ ಓದ್ತು, ಇನ್ನೊಂದು ಓದಿ ನೆನಪಿಂದ ಬರೀತು. ಐದು ನಿಮಿಷ ಬಿಟ್ಟು ಟೆಸ್ಟ್ ಕೊಟ್ರೆ ಓದಿದೋರೇ ಮುಂದೆ. ಒಂದು ವಾರ ಬಿಟ್ಟು ಕೊಟ್ರೆ ಉಲ್ಟಾ, ಬರೆದೋರಿಗೆ ಎಷ್ಟೋ ಜಾಸ್ತಿ ನೆನಪಿತ್ತು. ರಾತ್ರಿ ತೂಕಡಿಸ್ತಾ ಓದಿದ್ದು "ಎಲ್ಲಾ ಬಂದ್ಬಿಡ್ತು" ಅನಿಸೋದು ಆ ಐದು ನಿಮಿಷದ ಮೋಸ ಅಷ್ಟೆ.

ಗ್ರೌಂಡಿಗೆ ಹೋಗೋ ದಾರೀಲಿ ನಾನು ಪುಸ್ತಕ ತೆಗೀತಿರ್ಲಿಲ್ಲ, ಗಾಡೀಲಿ ಓದಿದ್ರೆ ತಲೆ ಸುತ್ತು. ಬೆಳಗ್ಗೆ ಕ್ಲಾಸಲ್ಲಿ ಏನು ನಡೀತು ಅಂತ ನೆನಪು ಮಾಡ್ಕೋತಿದ್ದೆ, ಸಿಗದೇ ಇದ್ದಿದ್ದು ಮಾತ್ರ ರಾತ್ರಿ ನೋಡೋದು. ಹೊಸದು ಕಷ್ಟದ್ದು ಏನಿದ್ರೂ ಸ್ಕೂಲಲ್ಲೇ ಬಿಡುವಿದ್ದಾಗ, ರಾತ್ರಿಗೆ ಉಳಿಸ್ತಿದ್ದದ್ದು ತಲೆ ಓಡಿಸೋದು ಬೇಡದೆ ಇರೋವು, ಡಯಾಗ್ರಾಮು, ರೆಕಾರ್ಡ್ ಬರೆಯೋದು ಈ ಥರದ್ದು. ಕಾಫಿ ಕುಡಿದು ಕೂರೋ ಮಕ್ಕಳಿದಾರೆ, ಸಂಜೆ ಕುಡಿದ ಕಾಫಿ ರಾತ್ರಿ ಮಲಗೋ ಹೊತ್ತಿಗೂ ಅರ್ಧ ಒಳಗೇ ಇರತ್ತೆ, ಬೇಡ.

ಹಿಂದೆ ಕೋಚ್ ಆಗಿದ್ದೋನು:
ಬಹಳ ವರ್ಷ ಸ್ವಿಮ್ಮಿಂಗ್ ಕೋಚಿಂಗ್ ಮಾಡಿದೀನಿ, ಎಲ್ರೂ ಸೇರ್ಕೊಂಡು ಆ ಕೋಚನ್ನ ವಿಲನ್ ಮಾಡ್ತಿದೀರ, ಅದಕ್ಕೆ ಬರೀತಿದೀನಿ. ಮೇಡಂ, ಪರೀಕ್ಷೆ ಯಾವಾಗ ಅಂತ ಅವರಿಗೆ ಹೇಳಿದೀರಾ? ಸುಮ್ನೆ ಕೇಳ್ತಿದೀನಿ. ಪೇರೆಂಟ್ಸ್ ನಮಗೆ ಹೇಳೋದು ಪರೀಕ್ಷೆಗೆ ಒಂದು ವಾರ ಇದೆ ಅನ್ನುವಾಗ, ಇಲ್ಲಾ ಹೇಳ್ದೇನೇ ಮಗೂನ ಕಳ್ಸಲ್ಲ. ಸೀಸನ್ ಪ್ಲಾನ್ ಮಾಡೋದು ತಿಂಗಳುಗಳ ಮುಂಚೆ, ಯಾವ ವಾರ ಭಾರ ಹೆಚ್ಚು ಯಾವ ವಾರ ಹಗುರ ಅಂತ. ಆಗ ಡೇಟ್ ಕೈಲಿದ್ರೆ ಭಾರದ ವಾರಗಳನ್ನ ಪರೀಕ್ಷೆಯಿಂದ ಆಚೆ ತಳ್ಳೋದು ಕಷ್ಟದ ಕೆಲಸ ಅಲ್ಲ.

ಇನ್ನೊಂದು, ದೊಡ್ಡ ಮೀಟ್‌ಗೆ ಮುಂಚೆ ಟೇಪರ್ ಅಂತ ಮಾಡ್ತೀವಿ. ಸುಮಾರು ಎರಡು ವಾರ ಈಜೋ ದೂರಾನ ಹತ್ತಿರತ್ತಿರ ಅರ್ಧಕ್ಕೆ ಇಳಿಸಿ ಸ್ಪೀಡ್ ಹಾಗೇ ಇಟ್ಕೊಳ್ಳೋದು. ಆಗ ಮಕ್ಕಳು ಫ್ರೆಶ್ಶಾಗಿರ್ತಾರೆ, ಟೈಮೂ ಸಿಗತ್ತೆ. ಬಾಕಿ ಉಳಿದ ಚಾಪ್ಟರ್ ಮುಗ್ಸೋಕೆ ಅದಕ್ಕಿಂತ ಒಳ್ಳೇ ಹೊತ್ತಿಲ್ಲ, ನಮ್ಮ ಜನ ಅದನ್ನ ಸಿನಿಮಾಕ್ಕೆ ಕರ್ಕೊಂಡೋಗಿ ಕಳೀತಾರೆ. ಹೋಗ್ಲಿ, ಅದೂ ಬೇಕು.

ಪರೀಕ್ಷೆ ಟೈಮಲ್ಲೂ ಪೂರ್ತಿ ನಿಲ್ಲಿಸ್ಬೇಡಿ. ಸೆಷನ್ ಸಂಖ್ಯೆ ಕಡಿಮೆ ಮಾಡಿ, ಒಂದೊಂದು ಸೆಷನ್ನೂ ಚಿಕ್ಕದು ಮಾಡಿ, ಆದ್ರೆ ಅದ್ರೊಳಗೆ ಸ್ವಲ್ಪ ವೇಗದ ಕೆಲಸ ಇರ್ಲಿ, ಕೆಲವು ವಾರಕ್ಕೆ ಅಷ್ಟು ಸಾಕು ಫಿಟ್ನೆಸ್ ಹಿಡಿದಿಡೋಕೆ. ತಿಂಗಳುಗಟ್ಟಲೆ ಸೊನ್ನೆ ಮಾಡಿ ಪರೀಕ್ಷೆ ಮುಗಿದ ಮಾರನೇ ದಿನ ಫುಲ್ ಲೋಡ್ ಹಾಕಿದ್ರೆ ಭುಜ ಕೈ ಕೊಡೋದು ಅವಾಗ್ಲೇ. ಮತ್ತೆ ಫಿಸಿಯೋ ಮೇಡಂ, ವಯಸ್ಸಿನಷ್ಟು ಗಂಟೆ ಅನ್ನೋದು ಸ್ವಿಮ್ಮಿಂಗಲ್ಲಿ ಯಾರೂ ಪಾಲಿಸಲ್ಲ, ನೀರಿನ ಹಿಡಿತ ಬರ್ಬೇಕು ಅಂದ್ರೆ ನೀರಲ್ಲಿರ್ಲೇಬೇಕು.

ಫಿಸಿಯೋ ಅಕ್ಕ:
ಯಾರೂ ಪಾಲಿಸಲ್ಲ ಅನ್ನೋದು ಗೊತ್ತು ಸರ್, ಅವರೆಲ್ಲ ಆಮೇಲೆ ಬರೋದು ನನ್ನ ಹತ್ರಾನೇ. ಅದು ಕಾನೂನಲ್ಲ ಒಪ್ತೀನಿ, ಆದ್ರೆ ವಯಸ್ಸು ಮೀರಿ ಗಂಟೆ ಹಾಕೋ ಮಕ್ಕಳಲ್ಲಿ ಗಾಯ ಹೆಚ್ಚು ಅನ್ನೋದು ಅಧ್ಯಯನಗಳಲ್ಲಿ ಕಂಡಿರೋದು. ಮೀರೋದೇ ಆದ್ರೆ ನಿದ್ದೆಯಿಂದ ಕದೀಬೇಡಿ, ಅಷ್ಟೇ ನನ್ನ ಜಗಳ.

ಗಣಿತ ಮೇಷ್ಟ್ರು:
ಎಲ್ರೂ 13ಕ್ಕೇ ಚಾಂಪಿಯನ್ ಲೆಕ್ಕದಲ್ಲಿ ಮಾತಾಡ್ತಿದೀರ, ಅದಕ್ಕೊಂದು ಮಾತು. 1985ರಲ್ಲಿ ಕೆನಡಾದಲ್ಲಿ ಐಸ್ ಹಾಕಿ ಹುಡುಗರ ಜನ್ಮದಿನ ತೆಗೆದು ನೋಡಿದ್ರು, ಬಾರ್ನ್ಸ್‌ಲೀ ಅನ್ನೋ ಮನಃಶಾಸ್ತ್ರಜ್ಞ ಮತ್ತೆ ಜೊತೆಗಾರರು. ಮೇಲಿನ ಟೀಮುಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚಲ್ಲಿ ಹುಟ್ಟಿದೋರೇ ಜಾಸ್ತಿ, ವರ್ಷದ ಕೊನೇಲಿ ಹುಟ್ಟಿದೋರು ಕಡಿಮೆ. ಪ್ರತಿಭೆ ತಿಂಗಳು ನೋಡ್ಕೊಂಡು ಹುಟ್ಟತ್ತಾ? ಅಲ್ಲಿ ವಯಸ್ಸಿನ ಗುಂಪು ಕಟ್ಟೋ ತಾರೀಖು ಜನವರಿ 1, ಹಾಗಾಗಿ ಜನವರಿ ಹುಡುಗ ಅದೇ ಗುಂಪಿನ ಡಿಸೆಂಬರ್ ಹುಡುಗನಿಗಿಂತ ಹತ್ತಿರತ್ತಿರ ಒಂದು ವರ್ಷ ದೊಡ್ಡೋನು. ದೊಡ್ಡ ದೇಹ ನೋಡಿ ಸೆಲೆಕ್ಟ್ ಮಾಡಿದ್ರು, ಸೆಲೆಕ್ಟ್ ಆದೋನಿಗೆ ಒಳ್ಳೇ ಕೋಚಿಂಗ್ ಸಿಕ್ತು, ನಿಜವಾಗ್ಲೂ ಮುಂದೆ ಹೋದ. ಬೇಗ ಬೆಳೆದ ಮಗು ಈಗ ಗೆಲ್ಲತ್ತೆ, ಉಳಿದೋರು ಬೆಳೆದ್ಮೇಲೆ ಆ ಅಂತರ ಕರಗೋದೂ ಉಂಟು. ಹಾಗಾಗಿ ಈ ವಯಸ್ಸಿನ ಟೈಮಿಂಗ್ ನೋಡಿ ಸ್ಕೂಲ್ ಬಿಡಿಸಿ ಮನೇಲಿ ಓದಿಸ್ತೀನಿ ಅನ್ನೋರು, ಟೈಮಿಂಗ್ ನೋಡಿ ಪ್ರಯೋಜನ ಇಲ್ಲ ಅಂತ ಬಿಡಿಸೋರು, ಇಬ್ರೂ ಅವಸರದೋರೇ.

ಹತ್ತನೇ ಕ್ಲಾಸ್ ಶಟಲ್:
ಹಾಯ್, ನಾನಿಲ್ಲಿ ಬಹುಶಃ ಎಲ್ರಿಗಿಂತ ಚಿಕ್ಕೋನು, ಬ್ಯಾಡ್ಮಿಂಟನ್ ಆಡ್ತೀನಿ. ಒಂದು ಹೇಳ್ಲಾ. ನಮಗೆ ಸುಸ್ತಾದ್ರೆ ಹೇಳೋಕಾಗಲ್ಲ. ಯಾಕಂದ್ರೆ ಹೇಳಿದ ತಕ್ಷಣ "ಹಾಗಾದ್ರೆ ಬಿಟ್ಬಿಡು" ಅಂತೀರ, ಇಲ್ಲಾ "ಎಷ್ಟು ಖರ್ಚು ಮಾಡಿದೀವಿ ಗೊತ್ತಾ" ಅಂತೀರ. ಒಂದು ವಾರ ರೆಸ್ಟ್ ಬೇಕು ಅನ್ನೋದಕ್ಕೂ ಆಟಾನೇ ಬೇಡ ಅನ್ನೋದಕ್ಕೂ ನಡುವೆ ಏನೂ ಇಲ್ವೇ ಇಲ್ವಾ? ಅದಕ್ಕೇ ಕಾಲು ನೋವು ಅಂತ ಸುಳ್ಳು ಹೇಳೋರು ನಮ್ಮ ಬ್ಯಾಚಲ್ಲಿ ಇದಾರೆ, ಯಾರು ಅಂತ ಕೇಳ್ಬೇಡಿ.

ಮತ್ತೆ ಮ್ಯಾಚ್ ಸೋತು ಮನೆಗೆ ಬರುವಾಗ ಗಾಡೀಲಿ ಮಾತಾಡ್ಬೇಡಿ ಪ್ಲೀಸ್. ಬ್ಯಾಕ್‌ಹ್ಯಾಂಡ್ ಯಾಕೆ ಹೋಯ್ತು ಅಂತ ಒಂದು ರೌಂಡು, ಅದು ಮುಗಿದ್ಮೇಲೆ ನಾಳೆ ಕೆಮಿಸ್ಟ್ರಿ ಟೆಸ್ಟಿದೆ ಓದಿದೀಯಾ ಅಂತ ಇನ್ನೊಂದು ರೌಂಡು. ಅವತ್ತು ರಾತ್ರಿ ನಾನು ಪುಸ್ತಕ ಹಿಡ್ಕೊಂಡಿರ್ತೀನಿ, ಒಂದಕ್ಷರ ಒಳಗೆ ಹೋಗಲ್ಲ. ಟೆನಿಸ್ ಅಂಕಲ್, ನಿಮ್ಮ ಮಗ ಮೂರನೇ ಸಲ ಓದ್ದ ಅಂದ್ರಲ್ಲ, ಈಗ ಅವನಿಗೆ ಟೆನಿಸ್ ಇಷ್ಟಾನಾ? ತಪ್ಪಾಗಿ ತಿಳ್ಕೋಬೇಡಿ, ಕೇಳ್ಬೇಕು ಅನಿಸ್ತು.

ಟೆನಿಸ್ ಅಪ್ಪ:
ತಪ್ಪೇನಿಲ್ಲಪ್ಪ. ಇಷ್ಟ ಅಂತಾನೇ ಅನ್ಕೊಂಡಿದೀನಿ. ರ‍್ಯಾಕೆಟ್ ಬೀರುವಿಂದ ತೆಗೆದು ಕೊಟ್ಟಾಗ ಕುಣೀತಿದ್ದ, ಈಗೀಗ ಕೊಟ್ರೆ ತಗೋತಾನೆ ಅಷ್ಟೆ. ಆದ್ರೂ ನಾನು ಹೇಳೋದು ಅದೇ, ಓದು ಕೈಬಿಟ್ರೆ ಮುಂದೆ ಬಯ್ಯೋದು ನಮ್ಮನ್ನೇ. ಗಾಡಿ ವಿಷಯ ನೋಡ್ತೀನಿ.

ಈಜುಹುಡುಗಿ ಅಮ್ಮ:
ಮಗೂ ನಿನ್ನ ಮಾತು ಅವಳಿಗೆ ಓದಿ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ್ಲು, ಆಮೇಲೆ "ಬೆಳಗ್ಗೆ ಸೆಷನ್ ಎರಡು ದಿನ ಬಿಟ್ರೆ ಕೋಚ್ ಸರ್ ಬಯ್ತಾರಾ" ಅಂತ ಕೇಳಿದ್ಲು. ಅಷ್ಟು ದಿನ ಅತ್ತೋಳು ಕೇಳಿದ್ದು ಇಷ್ಟೇ ನೋಡಿ. ಕೋಚ್ ಹತ್ರ ಪರೀಕ್ಷೆ ಡೇಟ್ ಹಿಡ್ಕೊಂಡು ಹೋಗಿದ್ದೆ, ಹೊಸ ಸೆಷನ್ ಮಾತು ಕೈಬಿಟ್ರು, ಎರಡು ಬೆಳಗ್ಗೆ ಬಿಡೋಕೂ ಪರೀಕ್ಷೆವರೆಗೆ ಅಂತ ಒಪ್ಪಿದ್ರು, ಮುಖ ಮಾತ್ರ ಊದಿಸ್ಕೊಂಡಿದ್ರು. ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ, ಮುಂದಿನ ಟೆಸ್ಟ್ ನೋಡೋಣ ಅಂತಿದಾರೆ. ನಾನೂ ಜಗಳ ಮುಂದುವರ್ಸಿಲ್ಲ. ಈಗ ಉಳಿದಿರೋದು ಸ್ಕೂಲು. ಮುಂದಿನ ತಿಂಗಳು ಮೀಟ್ ಇದೆ, ಆ ವಾರವೇ ಯೂನಿಟ್ ಟೆಸ್ಟು. ಹೋದ ಸಲ ಬಂದ್ಮೇಲೆ ಕೇಳಿದ್ದಕ್ಕೆ "ಎಲ್ರಿಗೂ ಒಂದೇ ರೂಲ್" ಅಂತ ಸೊನ್ನೆ ಹಾಕಿದ್ರು. ಮೇಷ್ಟ್ರೇ, ಇದನ್ನ ಹೇಗೆ ಕೇಳೋದು?

ಗಣಿತ ಮೇಷ್ಟ್ರು:
ಹೋಗೋ ಮುಂಚೆ ಕೇಳಿ, ಬಂದ್ಮೇಲೆ ಕೇಳಿದ್ರೆ ನಮ್ಮ ಕಿವೀಗೆ ಅದು ನೆಪದ ಥರಾನೇ ಕೇಳ್ಸೋದು. ಕ್ಲಾಸ್ ಟೀಚರ್‌ಗೆ ಒಂದು ಪತ್ರ, ಮೀಟ್ ತಾರೀಖು, ತಪ್ಪೋ ದಿನಗಳು, ಆಯೋಜಕರ ಪತ್ರದ ಕಾಪಿ, ಹೆಡ್‌ಮಾಸ್ಟರಿಗೂ ಒಂದು ಪ್ರತಿ. ಟೆಸ್ಟ್ ಮುಂಚೆ ಬರೀಲಾ ಆಮೇಲೆ ಬರೀಲಾ ಅಂತ ಎರಡು ತಾರೀಖು ನೀವೇ ಸೂಚಿಸಿ, ಆಗ ಇಲ್ಲ ಅನ್ನೋದು ಕಷ್ಟ. ಪತ್ರ ಅವಳ ಕೈಲೇ ಕೊಡ್ಸಿ. ಗಣಿತದ ಟೀಚರ್ ಹತ್ರ ಆ ವಾರ ಯಾವ ಪಾಠ ಅಂತ ಕೇಳ್ಕೊಂಡು ಬರೋಕೂ ಹೇಳಿ, ಹೊಸ ಚಾಪ್ಟರ್ ಶುರು ಆಗೋದಿದ್ರೆ ಮೊದಲೆರಡು ಲೆಕ್ಕ ಹೋಗೋ ಮುಂಚೆ ಮಾಡ್ಸಿ. ಆ ಸೊನ್ನೆ ಹಾಕಿರೋ ಟೆಸ್ಟ್ ಒಟ್ಟು ಮಾರ್ಕ್ಸಿಗೆ ಸೇರ್ಸಿದಾರಾ ಅಂತಾನೂ ಒಂದ್ಸಲ ನೋಡಿ, ನೀವು ಹೇಳೋ ಇಳಿಕೇಲಿ ಅದೂ ಸೇರಿರಬಹುದು.

ಈಜುಹುಡುಗಿ ಅಮ್ಮ:
ಅಯ್ಯೋ ಅದನ್ನ ನೋಡೇ ಇಲ್ಲ. ನಾಳೆ ಪ್ರೋಗ್ರೆಸ್ ಕಾರ್ಡ್ ತೆಗೆದು ನೋಡಿ ಹೇಳ್ತೀನಿ.